ಮುಚ್ಚಿದ ಲಕೋಟೆಯ ನಿದ್ದೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ನಿದ್ದೆ ಮೇಡಂ ಎಂದು. ಆಪರೇಷನ್ ಆಗುವವರಿಗೆ ಅರಿವಳಿಕೆ ಕೊಡುವುದು ಅವಳ ಕೆಲಸ. ಸರ್ಜನ್ನರ ಹೆಸರು ರೋಗಿಗಳಿಗೆ ಜೀವಮಾನವಿಡೀ ನೆನಪಿರುತ್ತದೆ. ನಿದ್ದೆ ಮಾಡಿಸಿದವರ ಮುಖ ಮಾರನೆಯ ದಿನಕ್ಕೇ ಮರೆತುಹೋಗಿರುತ್ತದೆ. ಅದರ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ. "ನನ್ನನ್ನ ಯಾರಾದ್ರೂ ನೆನಪಿಟ್ಕೊಂಡಿದ್ರೆ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ," ಎಂದು ನಗುತ್ತಿದ್ದಳು.

ಆದರೆ ಅವಳು ಮಾತ್ರ ರೋಗಿಗಳನ್ನು ಮರೆಯುತ್ತಿರಲಿಲ್ಲ. ಬೀರುವಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಕಾಲಿನ ರಕ್ತನಾಳದ ಆಪರೇಷನ್ ಆದವರನ್ನೆಲ್ಲ ಆರು ವರ್ಷಗಳಿಂದ ಅದರಲ್ಲಿ ಬರೆದಿಡುತ್ತ ಬಂದಿದ್ದಳು: ವಯಸ್ಸೆಷ್ಟು, ಯಾವ ಔಷಧ ಕೊಟ್ಟದ್ದು, ಮಾರನೆಯ ದಿನ ಕಾಲು ಹೇಗಿತ್ತು, ರಕ್ತಪರೀಕ್ಷೆಯಲ್ಲಿ ಏನು ಬಂತು. ಯಾರೂ ಹೇಳಿ ಮಾಡಿಸಿದ್ದಲ್ಲ. ಕೆಲವರು ಊಟವಾದ ಮೇಲೆ ಪದಬಂಧ ಬಿಡಿಸುತ್ತಾರೆ, ಇವಳು ಇದನ್ನು ಬರೆಯುತ್ತಿದ್ದಳು, ಅಷ್ಟೆ.

ಕಾಲಿಗೆ ರಕ್ತ ಒಯ್ಯುವ ನಾಳ ಒಳಗೇ ಕಟ್ಟಿಕೊಂಡರೆ ಸರ್ಜನ್ನರು ಪಕ್ಕದಲ್ಲಿ ಇನ್ನೊಂದು ನಾಳ ಹೊಲಿದು ರಕ್ತಕ್ಕೆ ಸುತ್ತುದಾರಿ ಮಾಡಿಕೊಡುತ್ತಾರೆ. ಹೊಲಿಯುವಷ್ಟು ಹೊತ್ತು ಹಳೆಯ ನಾಳಕ್ಕೆ ಕ್ಲಾಂಪ್ ಹಾಕಿ ಹರಿವನ್ನು ನಿಲ್ಲಿಸಬೇಕು. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಆ ಕಾಲು ಹಸಿದಿರುತ್ತದೆ. ವಿಚಿತ್ರವೆಂದರೆ, ಹಸಿದಿರುವಾಗ ಆಗುವ ಏಟಿನ ಜೊತೆಗೆ, ಕ್ಲಾಂಪ್ ತೆಗೆದು ರಕ್ತ ಮತ್ತೆ ನುಗ್ಗಿದಾಗಲೂ ಸ್ನಾಯುಗಳಿಗೆ ಇನ್ನೊಂದು ಏಟು ಬೀಳುತ್ತದೆ. ಏಟು ತಿಂದ ಸ್ನಾಯುವಿನಿಂದ ಒಂದು ವಸ್ತು ರಕ್ತಕ್ಕೆ ಸೋರುತ್ತದೆ. ಅದರ ಅಂಕಿ ಹೆಚ್ಚಿದ್ದಷ್ಟೂ ಏಟು ದೊಡ್ಡದು.

ನಿದ್ದೆ ಶುರುಮಾಡಿಸುವುದಕ್ಕೆ ಅವಳು ಎಲ್ಲರಿಗೂ ಹಾಲಿನಷ್ಟು ಬೆಳ್ಳಗಿನ ಅದೇ ಇಂಜೆಕ್ಷನ್ ಕೊಡುತ್ತಿದ್ದಳು. ಆಮೇಲೆ ಎರಡು ದಾರಿ. ಆ ಬಿಳಿ ಔಷಧವನ್ನೇ ಪಂಪಿನಿಂದ ಹನಿಹನಿಯಾಗಿ ಕೊಡುತ್ತ ಹೋಗಬಹುದು, ಇಲ್ಲವೇ ಉಸಿರಿನ ಜೊತೆ ಸಿಹಿವಾಸನೆಯ ಅನಿಲವೊಂದನ್ನು ಬೆರೆಸಿ ನಿದ್ದೆಯನ್ನು ಹಿಡಿದಿಡಬಹುದು. ಎರಡೂ ಒಳ್ಳೆಯವೇ. ಆದರೆ ಒಂದು ಭಾನುವಾರ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿದ್ದ ಅರವತ್ತನಾಲ್ಕು ಜನರನ್ನು ಎರಡು ಸಾಲಾಗಿ ಬರೆದು ನೋಡಿದರೆ ಅವಳು ಕೂತಲ್ಲೇ ನೆಟ್ಟಗಾದಳು. ಅನಿಲ ಕೊಟ್ಟವರ ಅಂಕಿ ಇಂಜೆಕ್ಷನ್ ಕೊಟ್ಟವರ ಅಂಕಿಗಿಂತ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕಡಿಮೆ ಇತ್ತು. ಅನಿಲವು ಜೀವಕೋಶಗಳಿಗೆ 'ಏಟು ಬರ್ತಿದೆ, ಸಜ್ಜಾಗಿರಿ' ಎಂದು ಮೊದಲೇ ಸೂಚನೆ ಕೊಡುತ್ತದೆ ಎಂಬ ವಾದವನ್ನು ಅವಳು ಓದಿದ್ದಳು. ಈಗ ಅದು ತನ್ನ ಕೈಬರಹದಲ್ಲೇ ಕಣ್ಣಿಗೆ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಹಿರಿಯ ಸರ್ಜನ್ ಕೈ ತೊಳೆಯುತ್ತಿರುವಾಗಲೇ ಪಕ್ಕದಲ್ಲಿ ನಿಂತು ಹೇಳಿದಳು. ಅವರು ಮೊಣಕೈವರೆಗೆ ನೊರೆ ಹಚ್ಚಿಕೊಂಡು ಕೇಳಿಸಿಕೊಂಡರು.

"ಹಾಗಾದ್ರೆ ನಾನು ಇಷ್ಟು ದಿನ ನನ್ನ ಹೊಲಿಗೆ ಚೆನ್ನಾಗಿದೆ ಅಂತ ಬೀಗ್ತಿದ್ದದ್ದೆಲ್ಲ ನಿಮ್ಮ ಗ್ಯಾಸಿನ ಪುಣ್ಯಾನಾ?"

"ಅರ್ಧ ಪುಣ್ಯ ನಿಮಗೇ ಇರ್ಲಿ, ಸರ್."

"ಬರೀರಿ, ಬರೀರಿ. ಒಳ್ಳೇ ಪೇಪರ್ ಆಗತ್ತೆ."

ಬರೆಯುವ ಮೊದಲು ಹಳೆಯ ಅಂಕಿಗಳನ್ನೊಮ್ಮೆ ತಾಳೆ ನೋಡೋಣವೆಂದು ಅವಳು ನೆಲಮಹಡಿಯ ಲ್ಯಾಬಿಗೆ ಇಳಿದಳು. ಅಲ್ಲಿದ್ದ ಹಿರಿಯ ಟೆಕ್ನಿಷಿಯನ್‌ಗೆ 'ತಿದ್ದುಪಡಿ' ಎಂದೇ ಅಡ್ಡಹೆಸರು. ಟ್ಯೂಬಿನ ಚೀಟಿಯಲ್ಲಿ ಒಂದು ಅಕ್ಷರ ತಪ್ಪಿದರೂ ವಾಪಸ್ ಕಳಿಸುವ ಆಸಾಮಿ. ವಾರ್ಡಿನ ನರ್ಸುಗಳು ಅವರ ಬಗ್ಗೆ ಆಡಿಕೊಳ್ಳದ ಮಾತಿಲ್ಲ. ಅವಳ ಪಟ್ಟಿಯನ್ನು ಅವರು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರಕ್ಕೆ ತಂದು ಓದಿದರು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಕೆಲವು ಹೆಸರುಗಳ ಮುಂದೆ ಚುಕ್ಕೆ ಇಡತೊಡಗಿದರು.

"ಏನದು?"

"ಇವೆಲ್ಲ ಮಧ್ಯಾಹ್ನದ ಟ್ಯೂಬುಗಳು, ಮೇಡಂ."

"ಅಂದ್ರೆ?"

"ಬೆಳಗ್ಗಿನ ಟ್ಯೂಬ್ ಬಂದ ತಕ್ಷಣ ಮೆಷಿನ್ನಿಗೆ ಹಾಕ್ತೀವಿ. ಮಧ್ಯಾಹ್ನದ್ದು ಬರೋ ಹೊತ್ತಿಗೆ ಮೆಷಿನ್ ತುಂಬಿರತ್ತೆ, ಟ್ರೇನಲ್ಲೇ ಮೂರ್ನಾಲ್ಕು ಗಂಟೆ ಕೂತಿರತ್ತೆ. ರಕ್ತ ಸುಮ್ನೆ ಕೂತ್ರೆ ಕಣಗಳು ಒಡೆದು ಒಳಗಿರೋದೆಲ್ಲ ಹೊರಗೆ ಬರತ್ತೆ. ಅಂಕಿ ಸ್ವಲ್ಪ ಮೇಲಕ್ಕೇ ತೋರಿಸತ್ತೆ. ನಾನು ಎರಡು ಸಲ ಕಾಗದ ಬರೆದೆ, ಯಾರೂ ಓದ್ಲಿಲ್ಲ." ಅವರು ಚುಕ್ಕೆಗಳನ್ನು ಎಣಿಸಿದರು. "ನಿಮ್ಮ ಇಂಜೆಕ್ಷನ್ನಿನವರು ಇಪ್ಪತ್ತೊಂಬತ್ತು ಜನ. ಅದರಲ್ಲಿ ಇಪ್ಪತ್ನಾಲ್ಕು ಮಧ್ಯಾಹ್ನದ್ದು."

ಅವಳಿಗೆ ಮೊದಲು ಬಂದದ್ದು ಸಿಟ್ಟು. ಆರು ವರ್ಷದ ಕೆಲಸವನ್ನು ಈ ಮನುಷ್ಯ ಒಂದು ತುಂಡು ಪೆನ್ಸಿಲ್ಲಿನಿಂದ ಕೆರೆಯುತ್ತಿದ್ದಾನಲ್ಲ! ಮೆಟ್ಟಿಲು ಹತ್ತುತ್ತ ಹತ್ತುತ್ತ ಸಿಟ್ಟು ಇಳಿದು ಪ್ರಶ್ನೆ ಎದ್ದಿತು. ರಕ್ತ ತೆಗೆಯುವುದು ಆಪರೇಷನ್ ಆಗಿ ಸರಿಯಾಗಿ ಒಂದು ದಿನಕ್ಕೆ. ಹಾಗಾದರೆ ಇಂಜೆಕ್ಷನ್ ಯಾಕೆ ಮಧ್ಯಾಹ್ನವೇ ಕೊಟ್ಟೆ?

ಉತ್ತರ ಎರಡನೇ ಆಪರೇಷನ್ ಕೋಣೆಯ ಗೋಡೆಯ ಮೇಲೇ ಇತ್ತು. ಬಳಸಿದ ಅನಿಲವನ್ನು ಹೊರಗೆ ಎಳೆದುಕೊಳ್ಳುವ ಕೊಳವೆ ಅಲ್ಲಿ ವರ್ಷಗಳಿಂದ ಸರಿಯಿರಲಿಲ್ಲ. ಅನಿಲ ಬಳಸಿದರೆ ಕೋಣೆಯಲ್ಲಿದ್ದವರಿಗೆಲ್ಲ ತಲೆ ಭಾರ. ಹಾಗಾಗಿ ಅಲ್ಲಿ ಅವಳು ಇಂಜೆಕ್ಷನ್ನನ್ನೇ ಬಳಸುತ್ತಿದ್ದಳು. ಆ ಕೋಣೆ ಸಿಗುತ್ತಿದ್ದದ್ದು ಕಿರಿಯ ಸರ್ಜನ್‌ಗೆ, ಅದೂ ಮಧ್ಯಾಹ್ನದ ಮೇಲೆ. ಕಿರಿಯರ ಕೈ ಒಳ್ಳೆಯದೇ, ಆದರೆ ನಿಧಾನ. ಅವಳು ಹಳೆಯ ಕಡತಗಳನ್ನು ತೆಗೆಸಿ ಕ್ಲಾಂಪ್ ಹಾಕಿದ್ದ ನಿಮಿಷಗಳನ್ನು ಬರೆದುಕೊಂಡಳು. ಹಿರಿಯರದ್ದು ಸರಾಸರಿ ಮೂವತ್ತೈದು ನಿಮಿಷ, ಕಿರಿಯರದ್ದು ನಲವತ್ತೊಂಬತ್ತು.

ಅಂದರೆ ಅವಳು ಹೋಲಿಸಿದ್ದು ಎರಡು ಔಷಧಗಳನ್ನಲ್ಲ. ಎರಡು ಕೋಣೆ, ಎರಡು ಕೈ, ಎರಡು ಹೊತ್ತು, ಎಲ್ಲ ಒಟ್ಟಿಗೆ ಕಲಸಿಹೋಗಿತ್ತು. ಹೊತ್ತನ್ನೂ ನಿಮಿಷಗಳನ್ನೂ ಸರಿದೂಗಿಸಿ ಮತ್ತೆ ಲೆಕ್ಕ ಹಾಕಿದರೆ ಆ ದೊಡ್ಡ ವ್ಯತ್ಯಾಸ ಕರಗಿ ಕರಗಿ ಒಂದು ಚೂರು ಉಳಿಯಿತು. ಪೂರ್ತಿ ಕರಗಿದ್ದರೆ ಅವಳು ಪುಸ್ತಕ ಮುಚ್ಚಿ ಸುಮ್ಮನಾಗುತ್ತಿದ್ದಳೋ ಏನೋ. ಆ ಚೂರೇ ಅವಳನ್ನು ಸುಮ್ಮನಿರಲು ಬಿಡಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ದಿನವಿಡೀ ನಾಲಗೆ ಅಲ್ಲಿಗೇ ಹೋಗುತ್ತಿತ್ತು.

ಅವಳು ಅನುಮತಿ ಕೊಡುವ ಸಮಿತಿಯ ಮುಂದೆ ಹೋದಳು. ಎಂಬತ್ತು ರೋಗಿಗಳು, ಎಂಬತ್ತು ಮುಚ್ಚಿದ ಲಕೋಟೆಗಳು. ನಲವತ್ತರಲ್ಲಿ ಅನಿಲ, ನಲವತ್ತರಲ್ಲಿ ಇಂಜೆಕ್ಷನ್. ಬೇರೆ ವಿಭಾಗದವರು ಕಲೆಸಿ ಅಂಟು ಹಾಕಿ ಕೊಡುತ್ತಾರೆ. ರೋಗಿ ಒಪ್ಪಿದ ಮೇಲೆ, ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ಕೊಡುವವರು ಮಾತ್ರ ಲಕೋಟೆ ಒಡೆದು ನೋಡಬೇಕು. ರೋಗಿಗೂ ಗೊತ್ತಾಗಬಾರದು, ಲ್ಯಾಬಿಗೂ ಗೊತ್ತಾಗಬಾರದು. ಲೆಕ್ಕ ಹಾಕುವ ಅವಳಿಗಂತೂ ಗೊತ್ತಾಗಲೇಬಾರದು. ಹಾಗಾಗಿ ಈ ರೋಗಿಗಳಿಗೆ ನಿದ್ದೆ ಮಾಡಿಸುವ ಕೆಲಸವನ್ನು ಅವಳು ತನ್ನ ಸಹೋದ್ಯೋಗಿಗೆ ಒಪ್ಪಿಸಿದಳು. ಅವರು ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಓಡಾಡುವ ಆಳು. ಎಲ್ಲರಿಗೂ ಅವರು 'ಲಂಬು ಡಾಕ್ಟರು'. ಎರಡನೇ ಕೋಣೆಯ ಕೊಳವೆ ರಿಪೇರಿಯಾಯಿತು. ಟ್ಯೂಬುಗಳು ಅರ್ಧ ಗಂಟೆಯೊಳಗೆ ಮೆಷಿನ್ನಿಗೆ ಹೋಗಬೇಕೆಂಬ ನಿಯಮ ಬಂತು. ಆ ನಿಯಮದ ಹಾಳೆಯನ್ನು ತಿದ್ದುಪಡಿ ತಾವೇ ದಪ್ಪ ಅಕ್ಷರದಲ್ಲಿ ಬರೆದು ಲ್ಯಾಬಿನ ಬಾಗಿಲಿಗೆ ಅಂಟಿಸಿದರು. ಅವರನ್ನು ಅಷ್ಟು ಖುಷಿಯಾಗಿ ಯಾರೂ ನೋಡಿರಲಿಲ್ಲವಂತೆ.

ಹೀಗೆ ಆರು ತಿಂಗಳು ನಡೆಯಿತು. ಮೂವತ್ತು ಲಕೋಟೆಗಳು ಮುಗಿದವು.

ಅಷ್ಟರಲ್ಲಿ ಅವಳ ಚಿಕ್ಕಮ್ಮನ ಕಾಲು ಮೊಂಡಾಟ ಶುರುಮಾಡಿತು.

ಚಿಕ್ಕಮ್ಮ ಎಂದರೆ ಅವಳ ತಾಯಿಯ ತಂಗಿ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡ ಮೇಲೆ ಸಾಕಿದವಳು ಇವಳೇ. ಮೂವತ್ತು ವರ್ಷ ಬೇಕರಿ ನಡೆಸಿ, ಮುಂಗೈಗಳ ತುಂಬ ಒಲೆಯ ಸುಟ್ಟ ಕಲೆಗಳನ್ನು ಸಂಪಾದಿಸಿ, ಈಗ ಅವಳ ಮನೆಯ ಕೆಳಗಿನ ಎರಡು ಕೋಣೆಯಲ್ಲಿ ಒಬ್ಬಳೇ ರಾಣಿಯಂತಿದ್ದಳು. ವಯಸ್ಸು ಅರವತ್ತೆಂಟು. ಬಾಯಿ ಮಾತ್ರ ಇಪ್ಪತ್ತರದ್ದು. ನಡೆಯುತ್ತ ಹೋದರೆ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಮೊದಲು ಬೀದಿಯ ಆರು ದೀಪದ ಕಂಬ ದಾಟುತ್ತಿದ್ದವಳು ಈಗ ಎರಡನೆಯದಕ್ಕೇ ನಿಲ್ಲುತ್ತಿದ್ದಳು. ಕಂಬಕ್ಕೆ ಒರಗಿ ನಿಂತು, ಯಾರಾದರೂ ನೋಡಿದರೆ ಬೀದಿಯ ಅಂಗಡಿಗಳ ಬೋರ್ಡು ಓದುವವಳಂತೆ ನಟಿಸುತ್ತಿದ್ದಳು. ಪಾದದ ಬೆರಳಿನ ಮೇಲೊಂದು ಗಾಯವಾಗಿ ಒಂದು ತಿಂಗಳಾದರೂ ಮಾಯದಿದ್ದಾಗ ಗುಟ್ಟು ಬಯಲಾಯಿತು. ಸ್ಕ್ಯಾನ್ ಮಾಡಿಸಿದರೆ ತೊಡೆಯ ನಾಳ ಒಂದು ಗೇಣಿನಷ್ಟು ಉದ್ದಕ್ಕೆ ಮುಚ್ಚಿಹೋಗಿತ್ತು. ಹಿರಿಯ ಸರ್ಜನ್ ಸುತ್ತುದಾರಿ ಹೊಲಿಯಬೇಕೆಂದರು.

ಆ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಇಬ್ಬರೂ ಬಟಾಣಿ ಸುಲಿಯುತ್ತ ಕೂತಿದ್ದರು. ಚಿಕ್ಕಮ್ಮನೇ ಮಾತೆತ್ತಿದಳು.

"ಪುಟ್ಟೀ, ನೀನು ಆರು ತಿಂಗಳಿಂದ ತಲೆ ಕೆಡಿಸ್ಕೊಂಡಿದೀಯಲ್ಲ, ಆ ಲಕೋಟೆ ಆಟ. ಅದು ನನ್ನಂಥ ಕಾಲಿನವರಿಗೇ ಅಲ್ವಾ?"

"ಹೂಂ. ಆದ್ರೆ ನೀನು ಅದಕ್ಕೆ ಸೇರೋದು ಬೇಡ. ಲಂಬು ಡಾಕ್ಟರಿಗೆ ಹೇಳಿದೀನಿ, ನಿಂಗೆ ಗ್ಯಾಸೇ ಕೊಡ್ತಾರೆ."

"ಅದೇ ಒಳ್ಳೇದಾ?"

"ಹಾಗಂತ ಏನೂ ಇಲ್ಲ."

"ಮತ್ತೆ?"

"ಅಂದ್ರೆ... ಗೊತ್ತಿಲ್ಲ. ಗೊತ್ತಿದ್ರೆ ಈ ಪರೀಕ್ಷೆ ಯಾಕೆ ಮಾಡ್ತಿದ್ದೆ?"

"ಗೊತ್ತಿಲ್ದೇ ಇರೋಳು ನಂಗೆ ಅದನ್ನೇ ಯಾಕೆ ಆರಿಸಿದೆ?"

ಅವಳು ಒಂದು ಬಟಾಣಿಕಾಯನ್ನು ಸುಲಿದು ಕಾಳನ್ನು ಸಿಪ್ಪೆಯ ರಾಶಿಗೆ, ಸಿಪ್ಪೆಯನ್ನು ಪಾತ್ರೆಗೆ ಹಾಕಿದಳು. "ನನ್ನ ಮನಸ್ಸು ಹಾಗೆ ಹೇಳತ್ತೆ, ಚಿಕ್ಕಮ್ಮ. ಅಷ್ಟೇ."

ಚಿಕ್ಕಮ್ಮ ಪಾತ್ರೆಯಿಂದ ಸಿಪ್ಪೆಯನ್ನು ಹೆಕ್ಕಿ ತೆಗೆದಳು. ದನಿ ಏರಿಸಲಿಲ್ಲ. ಬೇಕರಿಯಲ್ಲಿ ಕೆಲಸದವರು ತಪ್ಪು ಮಾಡಿದಾಗಲೂ ಅವಳು ದನಿ ಏರಿಸುತ್ತಿರಲಿಲ್ಲ, ಅದಕ್ಕೇ ಅವರಿಗೆ ಹೆಚ್ಚು ಭಯ.

"ಆ ಮೂವತ್ತು ಜನ ಇದಾರಲ್ಲ, ಅವರ ಹತ್ರ ಹೋಗಿ ಏನು ಹೇಳ್ತೀರ? ಎರಡೂ ಒಂದೇ, ಯಾವ್ದು ಬಂದ್ರೂ ಭಯ ಇಲ್ಲ, ಅಂತ ತಾನೇ?"

"ಹೂಂ."

"ಅವರಿಗೆ ಲಕೋಟೆ, ನಂಗೆ ನಿನ್ನ ಮನಸ್ಸು. ಇದ್ಯಾವ ನ್ಯಾಯ ಹೇಳು? ಎರಡೂ ಒಂದೇ ಅನ್ನೋದು ನಿಜ ಆಗಿದ್ರೆ ನಂಗೂ ಲಕೋಟೆ ಕೊಡು. ನಿಜ ಅಲ್ದಿದ್ರೆ ನಾಳೆ ಹೋಗಿ ನಿಲ್ಲಿಸಿಬಿಡು."

ಅವಳ ಮುಖ ಬಿಸಿಯಾಯಿತು. ಸಮಿತಿಯ ಏಳು ಮಂದಿ ದೊಡ್ಡ ದೊಡ್ಡ ಡಾಕ್ಟರುಗಳು ಕೇಳದ ಪ್ರಶ್ನೆ ಅದು. ತನಗೆ ನಿಜವಾಗಿ ಗೊತ್ತಿಲ್ಲವೇ, ಅಥವಾ ಗೊತ್ತಿಲ್ಲವೆಂದು ಹೇಳಿಕೊಂಡು ಒಳಗೆ ಗೊತ್ತಿದೆಯೆಂದೇ ನಂಬಿದ್ದಾಳೆಯೇ? ರಾತ್ರಿಯ ಊಟಕ್ಕೆ ಕೂರುವವರೆಗೂ ತಲೆಯೊಳಗೆ ಅದೇ ಜಗ್ಗಾಟ. ಕೊನೆಗೆ ಕೈಯಲ್ಲಿದ್ದ ಪುರಾವೆಯನ್ನಷ್ಟೇ ಎದುರಿಗಿಟ್ಟುಕೊಂಡು ನೋಡಿದಳು. ಸರಿದೂಗಿಸಿದ ಮೇಲೆ ಉಳಿದ ಆ ಚೂರು ವ್ಯತ್ಯಾಸ ಯಾವ ಕಡೆಗೂ ಸಾಕ್ಷಿಯಾಗುವಂಥದ್ದಲ್ಲ. ಅನಿಲದ ಮೇಲಿನದ್ದು ಬರೀ ಮೋಹ. ಇಷ್ಟು ವರ್ಷ ಬರೆದುಕೊಂಡು ಬಂದದ್ದಕ್ಕೆ ಹುಟ್ಟಿದ ಮೋಹ.

ಮಾರನೆಯ ದಿನ ಸಮಿತಿಗೆ ಹೇಳಿದಳು. ಚಿಕ್ಕಮ್ಮ ತಾನಾಗಿಯೇ ಕೇಳುತ್ತಿದ್ದಾಳೆಂದು ಖಾತ್ರಿಯಾದ ಮೇಲೆ ಅವರು ಒಪ್ಪಿದರು. ಆದರೆ ಒಪ್ಪಿಗೆಯ ಹಾಳೆಗೆ ಸಹಿ ಹಾಕಿಸುವವರು ಬೇರೆಯವರಾಗಬೇಕು, ಅವಳು ಆ ಕೋಣೆಗೇ ಹೋಗಬಾರದು. ಚಿಕ್ಕಮ್ಮ ಮೂವತ್ತೊಂದನೆಯವಳಾದಳು. ಸಹಿ ಹಾಕಿಸಲು ಬಂದ ಡಾಕ್ಟರನ್ನು ಅವಳು ಮುಕ್ಕಾಲು ಗಂಟೆ ಕೂರಿಸಿಕೊಂಡಳಂತೆ. "ಲಕೋಟೆ ಬೆಳಕಿಗೆ ಹಿಡಿದ್ರೆ ಒಳಗಿಂದು ಕಾಣತ್ತಾ?" ಎಂದು ಕೇಳಿದಳಂತೆ. ಅವರು ಹೋಗಿ ನಿಜವಾಗಿಯೂ ಒಂದು ಲಕೋಟೆಯನ್ನು ಕಿಟಕಿಗೆ ಹಿಡಿದು ನೋಡಿದರಂತೆ. ಕಾಣುತ್ತಿರಲಿಲ್ಲ.

ಆಪರೇಷನ್ ದಿನ ಅವಳು ಇಷ್ಟು ವರ್ಷದಲ್ಲಿ ಮೊದಲ ಸಲ ಬಾಗಿಲಿನ ಹೊರಗಿನ ಬೆಂಚಿನ ಮೇಲೆ ಕೂತಳು. ಆ ಬೆಂಚು ಅಷ್ಟು ಗಟ್ಟಿಯಾಗಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಎದುರಿನ ಗಡಿಯಾರ ಒಂದೂವರೆ ನಿಮಿಷ ಮುಂದಿತ್ತು. ಒಳಗೆ ಏನು ಯಾವ ಹೊತ್ತಿಗೆ ನಡೆಯುತ್ತದೆಂದು ಗೊತ್ತಿದ್ದದ್ದೇ ಅವಳ ಕಷ್ಟ. ಈಗ ನಿದ್ದೆ ಬಂದಿರುತ್ತದೆ. ಈಗ ತೊಡೆ ತೆರೆದಿರುತ್ತಾರೆ. ಈಗ ಕ್ಲಾಂಪ್. ಅಲ್ಲಿಂದ ಮುಂದೆ ನಿಮಿಷ ಎಣಿಸತೊಡಗಿದಳು. ಹಿರಿಯರಿಗೆ ಮೂವತ್ತೈದು ನಿಮಿಷ. ನಲವತ್ತಾಯಿತು, ಐವತ್ತಾಯಿತು. ಪಕ್ಕದಲ್ಲಿ ಕೂತಿದ್ದ ಯಾರದೋ ಸೊಸೆ ಕಿತ್ತಳೆ ಸುಲಿದು ಎರಡು ತೊಳೆ ಕೊಟ್ಟಳು. ರುಚಿ ತಿಳಿಯದೆ ತಿಂದಳು.

ಬಾಗಿಲು ತೆರೆದು ಮೊದಲು ಹೊರಬಂದದ್ದು ಸರ್ಜನ್. "ಕೆಳಗಿನ ಹೊಲಿಗೆ ಒಂದು ಕಡೆ ಜಿನುಗ್ತಿತ್ತು, ಮತ್ತೆ ಕ್ಲಾಂಪ್ ಹಾಕಿ ಬಿಗಿ ಮಾಡ್ಬೇಕಾಯ್ತು. ಒಟ್ಟು ಐವತ್ತೆಂಟು ನಿಮಿಷ. ಈಗ ಪಾದ ಬೆಚ್ಚಗಿದೆ, ನಾಡಿ ಚೆನ್ನಾಗಿ ಸಿಗ್ತಿದೆ."

ಹಿಂದೆಯೇ ಲಂಬು ಡಾಕ್ಟರು ಬಗ್ಗಿಕೊಂಡು ಬಂದರು. ಅವಳು ಅವರ ಹತ್ತಿರ ಹೋಗಿ ನಿಂತಳು. ಒಂದು ಹೆಜ್ಜೆ ಹೆಚ್ಚೇ ಹತ್ತಿರ.

"ನನ್ನ ಅಂಗಿ ಮೂಸ್ತಿದೀರಾ?" ಎಂದರು ಅವರು.

ಅವಳು ತಬ್ಬಿಬ್ಬಾಗಿ ಹಿಂದೆ ಸರಿದಳು. ಹೌದು, ಮೂಸುತ್ತಿದ್ದಳು. ಸಿಹಿವಾಸನೆ ಇದೆಯೇ ಎಂದು.

"ರಿಪೇರಿ ಆದ್ಮೇಲೆ ಕೊಳವೆ ಎಲ್ಲಾನೂ ಎಳ್ಕೊಂಡು ಹೋಗತ್ತೆ. ಏನೂ ಸಿಗಲ್ಲ," ಎಂದು ಅವರು ನಗುತ್ತ ಹೊರಟುಹೋದರು.

ಮಾರನೆಯ ದಿನ ಚಿಕ್ಕಮ್ಮ ದಿಂಬಿಗೆ ಒರಗಿ ಕೂತು ತನಿಖೆ ಶುರುಮಾಡಿದ್ದಳು. ಗಂಟಲು ಉರಿಯುತ್ತಿತ್ತು, ಅದು ಯಾವುದರ ಗುರುತು ಎಂದು ನರ್ಸನ್ನು ಕೇಳಿದಳು. ಉಸಿರಾಟಕ್ಕೆಂದು ಗಂಟಲಿಗೆ ಕೊಳವೆ ಹಾಕಿದವರಿಗೆಲ್ಲ ಹಾಗೇ ಎಂದಳು ನರ್ಸು. ವಾಂತಿ ಬಂದ ಹಾಗಾಗುತ್ತದೆ, ಅದು ಯಾವುದರ ಗುರುತು? ಅದು ಅನಿಲದವರಿಗೆ ಸ್ವಲ್ಪ ಹೆಚ್ಚು, ಆದರೆ ನೋವಿನ ಔಷಧದಿಂದಲೂ ಬರುತ್ತದೆ. ಪಕ್ಕದ ಮಂಚದ ಹೆಂಗಸೂ ಲಕೋಟೆಯವಳೇ ಎಂದು ಗೊತ್ತಾದದ್ದೇ ತಡ, ಇಬ್ಬರೂ ತಮ್ಮ ತಮ್ಮ ಲಕ್ಷಣಗಳನ್ನು ಹೋಲಿಸಿ ನೋಡಿದರು. ಸಂಜೆಯ ಹೊತ್ತಿಗೆ ಚಿಕ್ಕಮ್ಮ 'ನಂದು ಇಂಜೆಕ್ಷನ್, ಅವಳದ್ದು ಗ್ಯಾಸು' ಎಂದು ತೀರ್ಪು ಕೊಟ್ಟಳು. ಮಾರನೆಯ ಬೆಳಿಗ್ಗೆ ತೀರ್ಪು ತಿರುಗಿಬಿತ್ತು.

ಅಂದೇ ಮಧ್ಯಾಹ್ನ ತಮಾಷೆ ನಿಂತಿತು. ಮೀನಖಂಡ ಊದಿಕೊಂಡು ಹಲಗೆಯಂತೆ ಬಿಗಿಯಾಗಿತ್ತು. ರಕ್ತಪರೀಕ್ಷೆಯ ಅಂಕಿ ಬಂತು. ಅಷ್ಟು ದೊಡ್ಡ ಅಂಕಿಯನ್ನು ಅವಳು ನೋಟ್‌ಬುಕ್ಕಿನಲ್ಲಿ ಆರೇಳು ಸಲ ಮಾತ್ರ ಬರೆದಿದ್ದಳು. ಸರ್ಜನ್ ಬೆರಳಿನಿಂದ ಒತ್ತಿ ನೋಡಿದರು. ಒತ್ತಡ ಇನ್ನೂ ಏರಿದರೆ ಚರ್ಮ ಕೊಯ್ದು ಸ್ನಾಯುವಿಗೆ ಜಾಗ ಮಾಡಿಕೊಡಬೇಕು, ಸಂಜೆಯವರೆಗೆ ಕಾಯೋಣ ಎಂದರು. ಮೂತ್ರಪಿಂಡಕ್ಕೆ ತೊಂದರೆಯಾಗದಂತೆ ಡ್ರಿಪ್ಪನ್ನು ಜೋರುಮಾಡಿದರು.

ಅವಳು ಲಂಬು ಡಾಕ್ಟರ ಕೋಣೆಗೆ ಹೋದಳು. ಅವರು ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

"ಯಾವ್ದು ಕೊಟ್ರಿ? ಹೇಳಿಬಿಡಿ."

"ಹೇಳಿದ್ರೆ ಚಿಕಿತ್ಸೇಲಿ ಏನಾದ್ರೂ ಬದಲಾಗತ್ತಾ?"

ಅವಳು ಯೋಚಿಸಿದಳು. ಡ್ರಿಪ್ಪು ಅದೇ. ಕಾಲನ್ನು ನೋಡಿಕೊಳ್ಳುವ ರೀತಿ ಅದೇ. ಕೊಯ್ಯಬೇಕೋ ಬೇಡವೋ ಎನ್ನುವುದನ್ನು ಒತ್ತಡ ಹೇಳುತ್ತದೆ, ಲಕೋಟೆಯಲ್ಲ.

"ಇಲ್ಲ."

"ಬದಲಾಗೋ ಹಾಗಿದ್ರೆ ಈ ಕ್ಷಣ ಹೇಳ್ತಿದ್ದೆ, ಮೇಡಂ. ನಿಯಮದಲ್ಲೂ ಅದು ಇದೆ, ನೀವೇ ಬರೆದಿದ್ದು. ಈಗ ನೀವು ಕೇಳ್ತಿರೋದು ಯಾರನ್ನ ಬೈಬೇಕು ಅಂತ ತಿಳ್ಕೊಳ್ಳೋಕೆ."

ಆ ಮಾತು ಚುಚ್ಚಿತು. ಸತ್ಯವಾಗಿದ್ದರಿಂದ ಇನ್ನೂ ಜೋರಾಗಿ ಚುಚ್ಚಿತು. ಅವಳು ಹಿಂದಿರುಗಿ ಮಂಚದ ಪಕ್ಕ ಕೂತು ಗಂಟೆಗೊಮ್ಮೆ ಚಿಕ್ಕಮ್ಮನ ಪಾದವನ್ನು ಮುಟ್ಟಿ ನೋಡಿದಳು. ಸಂಜೆ ಐದಕ್ಕೆ ಬಿಗಿ ಸ್ವಲ್ಪ ಸಡಿಲವಾಯಿತು. ಸರ್ಜನ್ ಬಂದು ಒತ್ತಿ ನೋಡಿ, "ಕೊಯ್ಯೋದು ಬೇಡ," ಎಂದರು. ಮಾರನೆಯ ದಿನದ ಅಂಕಿ ಇಳಿದಿತ್ತು, ಅದರ ಮಾರನೆಯ ದಿನ ಇನ್ನೂ ಇಳಿಯಿತು. ತಿದ್ದುಪಡಿ ತಾವೇ ಮಹಡಿ ಹತ್ತಿ ಬಂದು ಆ ಚೀಟಿಯನ್ನು ಅವಳ ಕೈಗಿಟ್ಟರು. ಚೀಟಿಯಲ್ಲಿ ಚಿಕ್ಕಮ್ಮನ ಹೆಸರಿಲ್ಲ, ಮೂವತ್ತೊಂದು ಎಂಬ ಸಂಖ್ಯೆ ಮಾತ್ರ. "ಈ ಮೂವತ್ತೊಂದು ಯಾರೋ ನಂಗೊತ್ತಿಲ್ಲ," ಎಂದರು ಅವರು ಗಂಭೀರವಾಗಿ. "ಯಾರೇ ಆಗಿರ್ಲಿ, ಸುಧಾರಿಸ್ಕೊಳ್ತಿದಾರೆ."

ಹನ್ನೊಂದನೆಯ ದಿನ ಚಿಕ್ಕಮ್ಮ ಮನೆಗೆ ಬಂದಳು. ಬೆರಳಿನ ಗಾಯ ಎರಡು ತಿಂಗಳಲ್ಲಿ ಮಾಯಿತು. ಅವಳು ಬೀದಿಯ ಕೊನೆಯವರೆಗೂ ಹೋಗಿ ಬರತೊಡಗಿದಳು. ಬೋರ್ಡುಗಳನ್ನು ಓದುವ ನೆಪ ಬೇಕಾಗಲಿಲ್ಲ.

ಕೊನೆಯ ಲಕೋಟೆ ಮುಗಿಯುವ ಹೊತ್ತಿಗೆ ಇನ್ನೂ ಹತ್ತು ತಿಂಗಳಾಯಿತು. ಲೆಕ್ಕದ ದಿನ ಲೈಬ್ರರಿಯ ಚಿಕ್ಕ ಕೋಣೆಯಲ್ಲಿ ಅವಳು, ಲಂಬು ಡಾಕ್ಟರು, ತಿದ್ದುಪಡಿ, ಮತ್ತೆ ಲಕೋಟೆ ಕಲೆಸಿದ್ದ ವಿಭಾಗದ ಹೆಂಗಸು ಸೇರಿದರು. ಮೊದಲು ಗುಂಪುಗಳಿಗೆ ಹೆಸರಿಲ್ಲದೆ ಲೆಕ್ಕ: ಒಂದನೇ ಗುಂಪು, ಎರಡನೇ ಗುಂಪು. ಹೃದಯದ ಅಂಕಿ, ಎರಡೂ ಕಡೆ ಒಂದೇ. ಮೂತ್ರಪಿಂಡದ್ದು, ಒಂದೇ. ಸ್ನಾಯುವಿನದ್ದು ಒಂದನೇ ಗುಂಪಿನಲ್ಲಿ ತುಸು ಕಡಿಮೆ. ಎಷ್ಟು ತುಸು ಎಂದರೆ, ಎಂಬತ್ತು ಜನರನ್ನು ನಾಣ್ಯ ಚಿಮ್ಮಿ ಎರಡು ಗುಂಪು ಮಾಡಿ ಒಂದೇ ಔಷಧ ಕೊಟ್ಟಿದ್ದರೂ ಬರಬಹುದಾಗಿದ್ದಷ್ಟು. ಅಂಕಿಯನ್ನು ನಿಜವಾಗಿ ಮೇಲಕ್ಕೋ ಕೆಳಕ್ಕೋ ಎಳೆದದ್ದು ಒಂದೇ ಒಂದು ಸಂಗತಿ, ಕ್ಲಾಂಪಿನ ನಿಮಿಷಗಳು.

ಆಮೇಲೆ ಆ ಹೆಂಗಸು ಪಟ್ಟಿ ಬಿಚ್ಚಿದಳು. ಒಂದನೆಯದು ಅನಿಲ.

"ಅಂತೂ ನಿಮ್ಮ ಚೂರು ಎಲ್ಲೂ ಹೋಗ್ಲಿಲ್ಲ," ಎಂದರು ತಿದ್ದುಪಡಿ. "ಆದ್ರೆ ಅದು ಗ್ಯಾಸಿಂದಲೇ ಬಂದದ್ದು ಅಂತ ಚೀಟಿ ಅಂಟಿಸೋ ಹಾಗಿಲ್ಲ."

ಅವಳು ಆ ಅಂಕಿಯನ್ನು ಇನ್ನೊಮ್ಮೆ ನೋಡಿದಳು. ಏಳೆಂಟು ವರ್ಷ ಬೆನ್ನಿಗೆ ಬಿದ್ದಿದ್ದು ಕೈಗೆ ಸಿಕ್ಕಾಗ ಇಷ್ಟೇ ಇಷ್ಟು. ಆದರೂ ಬೆರಳು ತಾನಾಗಿ ಪಟ್ಟಿಯ ಮೇಲೆ ಜಾರಿ ಮೂವತ್ತೊಂದಕ್ಕೆ ಹೋಗಿ ನಿಂತಿತು.

ಅನಿಲ.

ಅವಳು ಮತ್ತೆ ಓದಿದಳು. ಕಾಲು ಊದಿದ ದಿನದಿಂದ ಇವತ್ತಿನವರೆಗೂ ಚಿಕ್ಕಮ್ಮನಿಗೆ ಬಂದದ್ದು ಇಂಜೆಕ್ಷನ್ನೇ ಎಂದು ಅವಳು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ತನಗೂ ಹೇಳಿಕೊಂಡಿರಲಿಲ್ಲ. 'ಅಂದು ನನ್ನ ಮಾತು ಕೇಳಿದ್ದಿದ್ರೆ' ಎಂಬ ಅಸಮಾಧಾನವೊಂದು ಹತ್ತು ತಿಂಗಳಿಂದ ಎದೆಯಲ್ಲಿ ಬಾಡಿಗೆಗಿತ್ತು. ಮಾತು ಕೇಳಿದ್ದರೂ ಬರುತ್ತಿದ್ದದ್ದು ಅದೇ ಔಷಧ, ಆಗುತ್ತಿದ್ದದ್ದು ಅದೇ ಬಾವು. ಒಂದು ವೇಳೆ ಲಕೋಟೆಯಲ್ಲಿ ಇಂಜೆಕ್ಷನ್ ಎಂದಿದ್ದರೆ? ಉಳಿದ ಎಪ್ಪತ್ತೊಂಬತ್ತು ಜನ ಏನೇ ಹೇಳಲಿ, ಅವಳು ಜೀವಮಾನವಿಡೀ ಅನಿಲದ ಪರವಾಗಿಯೇ ವಾದಿಸುತ್ತಿದ್ದಳು. ಅದನ್ನು ಯೋಚಿಸಿ ಅವಳಿಗೆ ನಗುವೂ ಬಂತು, ಸಣ್ಣಗೆ ಮೈಯೂ ಜುಮ್ಮೆಂದಿತು.

ಮನೆಗೆ ಬಂದು ಹೇಳಿದಾಗ ಚಿಕ್ಕಮ್ಮ ಪತ್ರಿಕೆ ಮಡಿಸಿಟ್ಟಳು.

"ಗ್ಯಾಸಾ? ನಾನು ಎರಡನೇ ದಿನ ಅದನ್ನೇ ಹೇಳಿದ್ದೆ!"

"ಮೊದಲ್ನೇ ದಿನ ಇಂಜೆಕ್ಷನ್ ಅಂದಿದ್ದೆ."

"ಅದು ಲೆಕ್ಕಕ್ಕಿಲ್ಲ." ಆಮೇಲೆ ಅವಳ ಮುಖ ನೋಡಿ ಕೇಳಿದಳು, "ಬೇಜಾರಾ?"

"ಬೆಳಿಗ್ಗೆ ಇತ್ತು."

"ನಂಗೊಂದು ಅರ್ಥ ಆಗ್ಲಿಲ್ಲ. ಎರಡೂ ಹೆಚ್ಚುಕಮ್ಮಿ ಒಂದೇ ಅಂತಾದ್ರೆ ನಿನ್ನ ಶ್ರಮ ಎಲ್ಲ ನೀರಿಗೆ ಹೋಯ್ತಾ?"

ಅವಳು ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು. "ಇಲ್ಲ ಅನ್ಸತ್ತೆ," ಎಂದಳು ಕೊನೆಗೆ. "ಇಷ್ಟು ದಿನ ಒಬ್ಬರಿಗೆ ಇಂಜೆಕ್ಷನ್ ಕೊಟ್ರೆ, ಕಾಲಿಗೆ ಏನೋ ಕಡಿಮೆ ಮಾಡ್ತಿದೀನಾ ಅಂತ ಒಳಗೆ ಕೊರೀತಿತ್ತು. ನಮ್ಮ ಎಂಬತ್ತು ಜನರಲ್ಲಂತೂ ಅದು ಕಾಣಲಿಲ್ಲ. ಇನ್ಮೇಲೆ ಕಾಲಿನ ಚಿಂತೆ ಬಿಟ್ಟು, ಆ ಮನುಷ್ಯರಿಗೆ ಯಾವ್ದು ಹೊಂದುತ್ತೆ ಅಂತ ನೋಡ್ಬಹುದು."

ತಿಂಗಳ ಕೊನೆಗೆ ಆಸ್ಪತ್ರೆಯ ಸಭೆಯಲ್ಲಿ ಅವಳು ಇದನ್ನೆಲ್ಲ ಮಂಡಿಸಿದಳು. ನೋಟ್‌ಬುಕ್ಕಿನ ಮೊದಲ ಲೆಕ್ಕ, ಅದರಲ್ಲಾದ ಎಡವಟ್ಟು, ಪೆನ್ಸಿಲ್ಲಿನ ಚುಕ್ಕೆಗಳು, ಯಾವುದನ್ನೂ ಬಿಡಲಿಲ್ಲ. ಎಂಬತ್ತು ಎಂಬುದು ಸಣ್ಣ ಸಂಖ್ಯೆ, ಇದೇ ಕೊನೆಯ ಮಾತಲ್ಲ ಎಂದೂ ಹೇಳಿದಳು. ತಿದ್ದುಪಡಿ ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಪರದೆಯ ಮೇಲೆ ಒಂದು ಅಕ್ಷರ ತಪ್ಪಾಗಿತ್ತು. ಅವರು ಕೈ ಎತ್ತಲು ಹೋಗಿ, ಅಂದು ಮಾತ್ರ ಕೆಳಗಿಳಿಸಿದರು.

ಕೊನೆಯಲ್ಲಿ ಕಿರಿಯ ಸರ್ಜನ್ ಎದ್ದು ನಿಂತರು. "ಮೇಡಂ, ಕ್ಲಾಂಪ್ ಹಾಕಿರೋವಾಗ ಕಾಲು ಎಷ್ಟು ತಣ್ಣಗಿತ್ತು ಅಂತ ಬರೆದಿಟ್ಟಿದೀರಾ? ನನ್ನ ಕೋಣೆಯ ಏಸಿ ಸ್ವಲ್ಪ ಜಾಸ್ತೀನೇ ಕೊರೆಯತ್ತೆ. ತಣ್ಣಗಿದ್ರೆ ಸ್ನಾಯು ಹಸಿವನ್ನ ಚೆನ್ನಾಗಿ ತಡ್ಕೊಳ್ಳತ್ತೋ ಏನೋ."

ಬರೆದಿಟ್ಟಿರಲಿಲ್ಲ. ಅದು ಅವಳಿಗೆ ಹೊಳೆದೇ ಇರಲಿಲ್ಲ. ಅದನ್ನೇ ಹೇಳಿದಳು. ಹೇಳಿ, ಮೈಕಿನ ಮುಂದೆಯೇ ನಿಂತು ಯೋಚಿಸತೊಡಗಿದಳು. ಪಾದದ ಬಿಸಿಯನ್ನು ಎಲ್ಲಿ ಅಳೆಯುವುದು, ಎಷ್ಟು ನಿಮಿಷಕ್ಕೊಮ್ಮೆ? ಸಭೆಯ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಸಭೆ ಇನ್ನೂ ಮುಗಿದಿಲ್ಲವೆಂದು ನೆನಪಿಸಬೇಕಾಯಿತು.

ಮರುದಿನ ಬೆಳಿಗ್ಗೆ ಅವಳ ಮೊದಲ ರೋಗಿ ಒಬ್ಬ ದರ್ಜಿ, ಬಲಗಾಲಿನ ನಾಳದ ಆಪರೇಷನ್. ಹಿಂದೊಮ್ಮೆ ಹರ್ನಿಯಾಕ್ಕೆ ಅನಿಲ ಕೊಟ್ಟಾಗ ಎರಡು ದಿನ ವಾಂತಿ ಮಾಡಿಕೊಂಡಿದ್ದರಂತೆ. ಮಂಚದ ಅಂಚನ್ನು ಹಿಡಿದುಕೊಂಡು ಕೇಳಿದರು, "ನಿದ್ದೆಗೆ ಎರಡು ಥರ ಇದೆಯಂತಲ್ಲ, ಡಾಕ್ಟ್ರೇ. ಕಾಲಿಗೆ ಯಾವ್ದು ಒಳ್ಳೇದು?"

"ಕಾಲಿನ ಮಟ್ಟಿಗೆ ನಾವು ನೋಡಿದ ಹಾಗೆ ಅಂಥಾ ವ್ಯತ್ಯಾಸ ಏನೂ ಕಾಣ್ಲಿಲ್ಲ," ಎಂದಳು ಅವಳು. "ನಿಮ್ಮ ಹೊಟ್ಟೆಗೆ ಮಾತ್ರ ಇಂಜೆಕ್ಷನ್ ವಾಸಿ. ಅದನ್ನೇ ಕೊಡ್ತೀನಿ."

"ಹಾಗಾದ್ರೆ ಸರಿ," ಎಂದು ದರ್ಜಿ ಮಲಗಿಕೊಂಡರು. ಅವಳು ಬಿಳಿ ಔಷಧದ ಪಂಪನ್ನು ಹೊಂದಿಸಿದಳು. ಅವರ ಪಾದವನ್ನು ಒಂದು ಸಲ ಅಂಗೈಯಿಂದ ಮುಟ್ಟಿ ನೋಡಿ, ಥರ್ಮಾಮೀಟರ್ ತರಲು ನರ್ಸಿಗೆ ಹೇಳಿದಳು.